ನಿಮ್ಮ ಊರಿಗೆ ಒಗ್ಗುವ ತುಡುವೆ ಜೇನು ಯಾವುದು? ನೋಡಿ, ಅಳೆದು, ಆರಿಸುವ ಕ್ರಮ

"ಪೆಟ್ಟಿಗೆ ತಂದು ಹದಿನೈದು ದಿನ ಆಗಿಲ್ಲ, ಹುಳ ಎದ್ದು ಹೋಯ್ತು." ಜೇನು ಸಾಕಲು ಹೊರಟವರ ಬಾಯಿಂದ ನಾನು ಅತಿ ಹೆಚ್ಚು ಸಲ ಕೇಳಿದ ಮಾತು ಇದು. ಹೀಗೆ ಹೇಳುವವರಲ್ಲಿ ಬಯಲುಸೀಮೆಯವರೇ ಜಾಸ್ತಿ. ವಿಚಾರಿಸಿದರೆ ಎಲ್ಲರದೂ ಒಂದೇ ಕಥೆ. ಮಲೆನಾಡಿನ ಕಡೆಯಿಂದ ತುಂಬಿದ ಕುಟುಂಬ (ಒಂದು ರಾಣಿ, ಅದರ ಸುತ್ತಲ ಹುಳಗಳ ಗುಂಪು) ಕೊಂಡರು, ಮಾರ್ಚ್ ಬಿಸಿಲಲ್ಲಿ ತಂದು ತೋಟದಲ್ಲಿ ಇಳಿಸಿದರು, ಖುಷಿಗೆ ದಿನಾ ಮುಚ್ಚಳ ತೆಗೆದು ನೋಡಿದರು. ಒಂದು ಮಧ್ಯಾಹ್ನ ಪೆಟ್ಟಿಗೆ ಖಾಲಿ.

ತುಡುವೆ ಎಂದರೆ ಪೆಟ್ಟಿಗೆಯಲ್ಲಿ ಸಾಕುವ ನಮ್ಮ ನಾಡಿನ ಜೇನು. ಹೆಸರು ಒಂದೇ ಆದರೂ ಮಡಿಕೇರಿಯ ತುಡುವೆ, ತುಮಕೂರಿನ ತುಡುವೆ ಒಂದೇ ಅಲ್ಲ. ಘಟ್ಟದ ಹುಳ ಕಪ್ಪು, ಮೈಕಟ್ಟಿನಲ್ಲಿ ತುಸು ದೊಡ್ಡದು. ಬಯಲಿನ ಹುಳದ ಹೊಟ್ಟೆಯ ಮೇಲೆ ಹಳದಿ ಪಟ್ಟಿ ಎದ್ದು ಕಾಣುತ್ತದೆ, ಗಾತ್ರ ಚಿಕ್ಕದು. ಈ ವ್ಯತ್ಯಾಸ ಎಷ್ಟು ಆಳದ್ದೆಂದರೆ, ಪಶ್ಚಿಮ ಘಟ್ಟದ ಕಪ್ಪು ತುಡುವೆಯನ್ನು 2022ರಲ್ಲಿ ಕೇರಳದ ಸಂಶೋಧಕರು ಏಪಿಸ್ ಕರಿಂಜೋಡಿಯನ್ ಎಂಬ ಬೇರೆ ಪ್ರಭೇದವೆಂದೇ ವಿವರಿಸಿದರು. ಅದು ಬೇರೆ ಪ್ರಭೇದವೋ ಬರೀ ಬೇರೆ ತಳಿಯೋ ಎಂಬ ಚರ್ಚೆ ವಿಜ್ಞಾನಿಗಳಿಗಿರಲಿ. ನಮಗೆ ಬೇಕಾದದ್ದು ಕೊಳ್ಳುವ ಮೊದಲು ಆ ಹುಳ ನಮ್ಮ ಊರಿನದಕ್ಕೆ ಹತ್ತಿರವಿದೆಯೇ ಎಂದು ತಿಳಿಯುವ ದಾರಿ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಜನ ಸೋಲುವುದೇ ಕ್ರಮ ತಪ್ಪಿ, ಕೊಳ್ಳುವ ಏಳನೇ ಹಂತದಿಂದ ಶುರು ಮಾಡುವುದರಿಂದ.

ಬೇಕಾದ ಸಾಮಾನು

ಮಿಲಿಮೀಟರ್ ಗುರುತಿರುವ ಸ್ಟೀಲ್ ಸ್ಕೇಲು, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈ ಮಸೂರ, ಅಗಲದ ಪಾರದರ್ಶಕ ಟೇಪು, ಗ್ರಾಫ್ ಹಾಳೆ, ನಾಲ್ಕೈದು ಖಾಲಿ ಬೆಂಕಿಪೊಟ್ಟಣ, ಗುಂಡುಸೂಜಿ, ಒಂದು ನೋಟ್‌ಬುಕ್ಕು. ಪೆಟ್ಟಿಗೆ ತೆಗೆಯಲು ಮುಖಪರದೆ, ಹೊಗೆ ತಿದಿ. ಸಾಗಿಸುವಾಗ ಬಾಗಿಲಿಗೆ ಕಟ್ಟಲು ಸಣ್ಣ ಕಣ್ಣಿನ ತಂತಿಜಾಲರಿ. ಕೆಲಸಗಾರ ಹುಳ ನುಸುಳಿದರೂ ರಾಣಿ ಹೊರಗೆ ಹೋಗದಂತೆ ತಡೆಯುವ ರಾಣಿ ತಡೆ ಗೇಟು ಒಂದು. ಮೊಬೈಲ್ ಕ್ಯಾಮೆರಾ ಹೇಗೂ ಇರುತ್ತದೆ.

ಹಂತ 1: ಊರಿನ ಹೂವಿನ ಪಟ್ಟಿ ಬರೆಯಿರಿ

ಹುಳದ ವಿಚಾರಕ್ಕೆ ಹೋಗುವ ಮೊದಲು ನಿಮ್ಮ ಜಾಗದ ಸುತ್ತ ಒಂದು ಕಿಲೋಮೀಟರ್ ನಡೆದು ಬನ್ನಿ. ತುಡುವೆ ಸಾಮಾನ್ಯವಾಗಿ ದುಡಿಯುವುದು ಅಷ್ಟರೊಳಗೇ. ಯಾವ ತಿಂಗಳು ಯಾವ ಹೂವು ಎಂದು ಹನ್ನೆರಡು ಸಾಲು ಬರೆಯಿರಿ. ಗೊತ್ತಿಲ್ಲದ ತಿಂಗಳಿಗೆ ಊರಿನ ಹಿರಿಯರನ್ನು ಕೇಳಿ.

ಬಯಲಿನಲ್ಲಿ ಹೊಂಗೆ, ಬೇವು, ಹುಣಸೆ, ತೆಂಗು, ಹುಚ್ಚೆಳ್ಳು, ತೊಗರಿ, ಸೂರ್ಯಕಾಂತಿ ಸಿಗುತ್ತವೆ. ಮಲೆನಾಡಿನಲ್ಲಿ ನೇರಳೆ, ಮತ್ತಿ, ಅಂಟುವಾಳ, ಶೀಗೆ. ಕೊಡಗು, ಚಿಕ್ಕಮಗಳೂರಿನಲ್ಲಿ ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಕಾಫಿ. ಪುತ್ತೂರು, ಸುಳ್ಯದ ಕಡೆ ರಬ್ಬರಿನ ಚಿಗುರೆಲೆಯ ತೊಟ್ಟಿನಲ್ಲೇ ಮಕರಂದ ಒಸರುತ್ತದೆ, ಹೂವಿಗೆ ಕಾಯಬೇಕಿಲ್ಲ.

ಪಟ್ಟಿಯಲ್ಲಿ ಖಾಲಿ ಉಳಿದ ತಿಂಗಳಿಗೆ ಕೆಂಪು ಗುರುತು ಹಾಕಿ. ಮಲೆನಾಡಿನಲ್ಲಿ ಆ ಗುರುತು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಬೀಳುತ್ತದೆ. ಬಯಲಿನಲ್ಲಿ ಬಹುಮಟ್ಟಿಗೆ ಕಡು ಬೇಸಿಗೆಯಲ್ಲಿ, ಮತ್ತೆ ಮಳೆ ಹಿಡಿದು ಬೆಳೆ ಇನ್ನೂ ಹೂವಾಗದ ದಿನಗಳಲ್ಲಿ. ಘಟ್ಟದ ಹುಳ ಮಳೆಗಾಲದಲ್ಲಿ ಮುದುಡಿಕೊಂಡು ಬದುಕುವ ಅಭ್ಯಾಸದ್ದು. ಅದನ್ನು ಮೇ ತಿಂಗಳ ಬರಕ್ಕೆ ತಂದು ನಿಲ್ಲಿಸಿದರೆ ಅದಕ್ಕೆ ಗೊತ್ತಿರುವ ಉಪಾಯ ಒಂದೇ, ಜಾಗ ಬಿಡುವುದು.

ಹಂತ 2: ಊರಿನ ಹುಳವನ್ನು ಮೊದಲು ಹಿಡಿದು ನೋಡಿ

ಇದನ್ನು ಬಿಟ್ಟವರೇ ಹೆಚ್ಚು. ಹೋಲಿಸಲು ಊರಿನ ಮಾದರಿ ಕೈಯಲ್ಲಿಲ್ಲದಿದ್ದರೆ ಮಾರುವವರು ತೋರಿಸಿದ್ದೆಲ್ಲ ಚೆನ್ನಾಗಿಯೇ ಕಾಣುತ್ತದೆ.

ಬೆಳಿಗ್ಗೆ ತೆಂಗಿನ ಹೊಂಬಾಳೆ, ತುಳಸಿ, ಇಲ್ಲವೇ ಹೊಂಗೆ ಹೂವಿನ ಬಳಿ ನಿಂತು ಬೆಂಕಿಪೊಟ್ಟಣ ಅರ್ಧ ತೆರೆದು ಹೂವಿನ ಮೇಲೆ ಮುಚ್ಚಿದರೆ ಹುಳ ಒಳಗೆ ಸೇರುತ್ತದೆ. ಬೇರೆ ಬೇರೆ ಜಾಗದಿಂದ ಒಟ್ಟು ಹತ್ತು ಸಾಕು. ಊರಿನ ಹುತ್ತ, ಮರದ ಪೊಟರೆ, ಹಳೇ ಕಲ್ಲುಗೋಡೆಯಲ್ಲಿ ಗೂಡು ಗೊತ್ತಿದ್ದರೆ ಇನ್ನೂ ಒಳ್ಳೆಯದು.

ಕೋಲು ಜೇನನ್ನು ತುಡುವೆ ಎಂದು ಹಿಡಿದು ತರುವವರಿದ್ದಾರೆ. ಕೋಲು ಜೇನು ಇನ್ನೂ ಚಿಕ್ಕದು, ಹೊಟ್ಟೆಯ ಮುಂಭಾಗ ಇಟ್ಟಿಗೆ ಕೆಂಪು. ಹತ್ತಿರದಲ್ಲಿ ಯಾರಾದರೂ ಮೆಲ್ಲಿಫೆರಾ (ಹೊರದೇಶದಿಂದ ಬಂದ ಸಾಕು ಜೇನು) ಸಾಕಿದ್ದರೆ ಅದರ ಹುಳವೂ ಹೂವಿಗೆ ಬರುತ್ತದೆ, ಅದು ತುಡುವೆಗಿಂತ ಸ್ಪಷ್ಟವಾಗಿ ದೊಡ್ಡದು. ಪೆಟ್ಟಿಗೆಯ ಬಾಗಿಲಲ್ಲಿ ಇವೆರಡನ್ನು ಗುರುತಿಸಲು ಒಂದು ಸುಲಭದ ಗುರುತಿದೆ. ಸೆಕೆಗೆ ರೆಕ್ಕೆ ಬೀಸುವಾಗ ಮೆಲ್ಲಿಫೆರಾ ತಲೆಯನ್ನು ಬಾಗಿಲ ಕಡೆಗೆ ಇಟ್ಟು ನಿಲ್ಲುತ್ತದೆ, ತುಡುವೆ ತಲೆಯನ್ನು ಹೊರಗೆ ಮಾಡಿ ಬಾಗಿಲಿಗೆ ಬೆನ್ನು ಕೊಟ್ಟು ಗಾಳಿಯನ್ನು ಒಳಗೆ ನೂಕುತ್ತದೆ. ಒಂದು ಸಲ ನೋಡಿದರೆ ಮರೆಯುವುದಿಲ್ಲ.

ಹಂತ 3: ಬಣ್ಣವನ್ನು ಸರಿಯಾದ ಹುಳದಲ್ಲಿ ನೋಡಿ

ಬಣ್ಣ ನೋಡುವುದರಲ್ಲೇ ಎಡವುವವರು ಬಹಳ. ಎರಿಯ (ಹುಳ ಕಟ್ಟಿದ ಮೇಣದ ತಟ್ಟೆಯ) ಮೇಲೆ ಓಡಾಡುವ ಎಳೆ ಹುಳಗಳ ಮೈ ಯಾವ ಊರಿನದಾದರೂ ಮಾಸಲು ಬಿಳುಪು, ರೋಮ ತುಂಬಿರುತ್ತದೆ. ಅವನ್ನು ನೋಡಿ "ಇದು ಬಯಲಿನದೇ" ಎಂದು ತೀರ್ಮಾನಿಸಬೇಡಿ. ನೋಡಬೇಕಾದದ್ದು ಕಾಲಿಗೆ ಪರಾಗ ಮೆತ್ತಿಕೊಂಡು ಹೊರಗಿನಿಂದ ಬರುವ ದುಡಿಯುವ ಹುಳಗಳನ್ನು.

ಬಾಗಿಲ ಪಕ್ಕ ಕುಳಿತು ಹೀಗೆ ಬರುವ ಮೂವತ್ತು ಹುಳ ಎಣಿಸಿ. ಹೊಟ್ಟೆಯ ಮೊದಲ ಎರಡು ಮೂರು ಪಟ್ಟಿ ಹಳದಿಯೋ, ಕಂದೋ, ಪೂರ್ತಿ ಕಪ್ಪೋ ಎಂದು ಮೂರು ಕಲಮಿನಲ್ಲಿ ಗೀಟು ಹಾಕಿ. ಹೆಗಲ ಹಿಂದೆ, ರೆಕ್ಕೆಗಳ ನಡುವೆ ಒಂದು ಸಣ್ಣ ಉಬ್ಬು ಇದೆ. ಮಸೂರದಲ್ಲಿ ಅದನ್ನೂ ನೋಡಿ. ಬಯಲಿನ ಹುಳದಲ್ಲಿ ಅದಕ್ಕೆ ಹಳದಿ ಛಾಯೆ ಇರುವುದು ಹೆಚ್ಚು, ಘಟ್ಟದ್ದರಲ್ಲಿ ಕಪ್ಪು.

ಮರಿ ಕೋಶದಲ್ಲಿರುವಾಗ ಚಳಿ ತಾಗಿದರೆ ಅದೇ ಕುಟುಂಬದ ಹುಳ ಕಪ್ಪಾಗಿ ಹುಟ್ಟುತ್ತದೆ. ಹಾಗಾಗಿ ಡಿಸೆಂಬರಿನ ಹುಳವನ್ನು ಏಪ್ರಿಲ್ ಹುಳದ ಜೊತೆ ಹೋಲಿಸಬಾರದು. ಊರಿನ ಮಾದರಿ, ಕೊಳ್ಳುವ ಕುಟುಂಬ ಎರಡನ್ನೂ ಒಂದೇ ತಿಂಗಳಲ್ಲಿ ನೋಡಿ. ಒಂದೇ ಪೆಟ್ಟಿಗೆಯಲ್ಲಿ ಕಪ್ಪೂ ಹಳದಿಯೂ ಬೆರೆತಿದ್ದರೆ ರಾಣಿ ಹಲವು ಗಂಡುನೊಣಗಳ ಜೊತೆ ಕೂಡಿದ್ದಾಳೆ ಎಂದಷ್ಟೇ ಅರ್ಥ. ಅದು ದೋಷವಲ್ಲ.

ಹಂತ 4: ಎರಿಯ ಕಣ್ಣು, ರೆಕ್ಕೆ ಎರಡನ್ನೂ ಅಳೆಯಿರಿ

ಬಣ್ಣ ಮೋಸ ಮಾಡಬಹುದು, ಎರಿಯ ಕಣ್ಣು (ಮರಿ, ಜೇನು ಇಡುವ ಪುಟ್ಟ ಕೋಶ) ಮಾಡುವುದು ಕಡಿಮೆ. ಹುಳದ ಮೈಗೆ ತಕ್ಕಂತೆಯೇ ಅದು ಕಣ್ಣು ಕಟ್ಟುತ್ತದೆ.

ಹುಳವೇ ಹೊಸದಾಗಿ ಕಟ್ಟಿದ, ಕೆಲಸಗಾರ ಮರಿ ಇರುವ ಎರಿ ಆರಿಸಿಕೊಳ್ಳಿ. ಒಂದೇ ಸಾಲಿನಲ್ಲಿ ಹತ್ತು ಕಣ್ಣು ಎಣಿಸಿ, ಮೊದಲನೆಯದರ ಎಡ ಗೋಡೆಯಿಂದ ಹತ್ತನೆಯದರ ಬಲ ಗೋಡೆಯವರೆಗೆ ಸ್ಕೇಲು ಇಡಿ. ಕಣ್ಣಿಗೆ ಆರು ಮೂಲೆ ಇರುವುದರಿಂದ ಸಾಲು ಮೂರು ದಿಕ್ಕಿಗೆ ಹೋಗುತ್ತದೆ. ಮೂರನ್ನೂ ಅಳೆದು ಸರಾಸರಿ ತೆಗೆಯಿರಿ. ದಕ್ಷಿಣ ಭಾರತದ ತುಡುವೆಯಲ್ಲಿ ಹತ್ತು ಕಣ್ಣು ಸುಮಾರು 42ರಿಂದ 45 ಮಿ.ಮೀ. ಬರುತ್ತದೆ. ಬಯಲಿನದು ಕೆಳಗಿನ ಅಂಕಿಯ ಹತ್ತಿರ, ಘಟ್ಟದ್ದು ಮೇಲಿನದರ ಹತ್ತಿರ. ಕಾಶ್ಮೀರದ ತುಡುವೆಯಲ್ಲಿ ಅದೇ ಅಳತೆ 49ರ ಆಸುಪಾಸು. ಉತ್ತರಕ್ಕೆ, ಎತ್ತರಕ್ಕೆ ಹೋದಂತೆ ಹುಳ ದೊಡ್ಡದಾಗುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ತಪ್ಪಾಗುವುದು ಎರಡು ಕಡೆ. ಹಳೆಯ ಕಪ್ಪು ಎರಿಯಲ್ಲಿ ಪೊರೆ ಮೇಲೆ ಪೊರೆ ಕೂತು ಕಣ್ಣಿನ ಒಳಗು ಚಿಕ್ಕದಾಗಿರುತ್ತದೆ. ಮೇಣದ ಹಾಳೆ ಕೊಟ್ಟು ಕಟ್ಟಿಸಿದ ಎರಿಯಲ್ಲಿ ನೀವು ಅಳೆಯುವುದು ಹುಳವನ್ನಲ್ಲ, ಹಾಳೆ ಒತ್ತಿದ ಅಚ್ಚನ್ನು. ಇದೇ ಕಾರಣಕ್ಕೆ ದೊಡ್ಡ ಕಣ್ಣಿನ ಹಾಳೆ ತಂದು ಬಯಲಿನ ಹುಳಕ್ಕೆ ಕೊಡಬೇಡಿ. ಅವು ಅದನ್ನು ಕಚ್ಚಿ ಹರಿದು ಹಾಕುತ್ತವೆ, ಇಲ್ಲವೇ ವಕ್ರವಾಗಿ ಕಟ್ಟುತ್ತವೆ. ಹಾಳೆ ಕೊಳ್ಳುವಾಗಲೂ ಹತ್ತು ಕಣ್ಣು ಅಳೆದೇ ಕೊಳ್ಳಿ.

ಇನ್ನು ರೆಕ್ಕೆ. ಒಂದು ರೆಕ್ಕೆಯನ್ನು ಸ್ಕೇಲಿನಲ್ಲಿ ಅಳೆದರೆ ಅರ್ಧ ಮಿಲಿಮೀಟರ್ ತಪ್ಪುವುದು ಖಂಡಿತ. ಅದಕ್ಕೆ ಸತ್ತ ಹತ್ತು ಹುಳದ ಬಲಗಡೆಯ ಮುಂರೆಕ್ಕೆಗಳನ್ನು ಬುಡದಿಂದ ಬಿಡಿಸಿ, ಪಾರದರ್ಶಕ ಟೇಪಿನ ಮೇಲೆ ತುದಿಗೆ ಬುಡ ತಾಗುವಂತೆ ಒಂದರ ಹಿಂದೆ ಒಂದು ಅಂಟಿಸಿ. ಆ ಟೇಪನ್ನು ಗ್ರಾಫ್ ಹಾಳೆಯ ಗೆರೆಗೆ ಸರಿಯಾಗಿ ಅಂಟಿಸಿ ಒಟ್ಟು ಉದ್ದ ಅಳೆದು ಹತ್ತರಿಂದ ಭಾಗಿಸಿ. ನಮ್ಮ ಕಡೆಯ ತುಡುವೆಗೆ ಸುಮಾರು ಏಳೂವರೆ ಮಿ.ಮೀ. ಬರುತ್ತದೆ. ಅಂಕಿಗಿಂತ ಮುಖ್ಯ ಹೋಲಿಕೆ. ಊರಿನ ಹತ್ತು ರೆಕ್ಕೆ ಒಂದು ಪಟ್ಟಿ, ಕೊಳ್ಳುವ ಕುಟುಂಬದ ಹತ್ತು ಇನ್ನೊಂದು ಪಟ್ಟಿ. ಎರಡನ್ನೂ ಮೇಲೆ ಕೆಳಗೆ ಇಟ್ಟರೆ ಎರಡು ಮೂರು ಮಿ.ಮೀ. ವ್ಯತ್ಯಾಸ ಬರಿಗಣ್ಣಿಗೇ ಕಾಣುತ್ತದೆ.

ಹಂತ 5: ಮುಂಜಾನೆಯಿಂದ ಬಾಗಿಲ ಮುಂದೆ ಕೂರಿ

ಕೊಳ್ಳುವ ಕುಟುಂಬದ ಹತ್ತಿರ ಒಂದು ಬೆಳಗನ್ನಾದರೂ ಕಳೆಯದೆ ಹಣ ಕೊಡಬೇಡಿ. ಮೊದಲ ಹುಳ ಎಷ್ಟು ಗಂಟೆಗೆ ಹೊರಟಿತು, ಪರಾಗ ಹೊತ್ತ ಮೊದಲ ಹುಳ ಎಷ್ಟಕ್ಕೆ ಬಂತು, ಹತ್ತು ಗಂಟೆಗೆ ಐದು ನಿಮಿಷದಲ್ಲಿ ಪರಾಗ ಹೊತ್ತವು ಎಷ್ಟು, ಇಷ್ಟು ಬರೆದುಕೊಳ್ಳಿ. ಪರಾಗ ಬರುತ್ತಿದ್ದರೆ ಒಳಗೆ ಎಳೆ ಮರಿ ಇದೆ. ಘಟ್ಟದ ಹುಳ ತಂಪಿನಲ್ಲೇ ಹೊರಡುತ್ತದೆ. ಬಯಲಿನದು ಬಿಸಿಲೇರುವ ಮೊದಲು ದುಡಿದು, ಉರಿಯಲ್ಲಿ ನೀರು ಹೊತ್ತು, ಸಂಜೆ ಮತ್ತೆ ಹೊರಡುತ್ತದೆ.

ನಂತರ ಪೆಟ್ಟಿಗೆಗೆ ಬೆರಳಲ್ಲಿ ಮೆಲ್ಲಗೆ ಕುಟ್ಟಿ ಕಿವಿಗೊಡಿ. ಗಟ್ಟಿ ಕುಟುಂಬ 'ಸ್ಸ್' ಎಂದು ಒಮ್ಮೆಲೇ ಬುಸುಗುಟ್ಟಿ ಸುಮ್ಮನಾಗುತ್ತದೆ. ಗುಂಯ್‌ಗುಡುವಿಕೆ ಎಳೆದುಕೊಂಡು ಹೋದರೆ ರಾಣಿ ಇಲ್ಲದ ಅನುಮಾನ ಪಡಿ.

ಹಂತ 6: ಚೌಕಟ್ಟು ಎತ್ತಿ ನೋಡಬೇಕಾದದ್ದು

ಹೊಗೆ ಸ್ವಲ್ಪವೇ ಕೊಡಿ. ಹೊಗೆ ಜಾಸ್ತಿಯಾದರೆ ತುಡುವೆ ಎರಿ ಬಿಟ್ಟು ಮೂಲೆಗೆ ಓಡಿ ಗೊಂಚಲು ಕಟ್ಟುತ್ತದೆ, ಆಗ ನಿಮಗೆ ಏನೂ ಕಾಣುವುದಿಲ್ಲ.

ಮೊಟ್ಟೆ, ಮರಿ, ಮುಚ್ಚಿದ ಮರಿ (ಮೇಣದ ಮುಚ್ಚಳ ಬಿದ್ದ ಕಣ್ಣಿನದು) ಮೂರೂ ಇರಬೇಕು. ಒಂದು ಕಣ್ಣಿನಲ್ಲಿ ಎರಡು ಮೂರು ಮೊಟ್ಟೆ, ಅವೂ ಗೋಡೆಗೆ ಅಂಟಿದ್ದರೆ ಕೆಲಸಗಾರ ಹುಳವೇ ಮೊಟ್ಟೆ ಇಡುತ್ತಿದೆ, ಆ ಕುಟುಂಬ ಬೇಡ. ಎರಿಯ ಕೆಳ ಅಂಚಿನಲ್ಲಿ ರಾಣಿ ಕೋಶ ಜೋತಾಡುತ್ತಿದ್ದರೆ ಕುಟುಂಬ ಪಾಲಾಗಲು ಹೊರಟಿದೆ, ತಂದ ವಾರಕ್ಕೆ ಅರ್ಧ ಹುಳ ಹೋಗುತ್ತದೆ.

ಇಲ್ಲಿ ಒಂದು ವಿಷಯವನ್ನು ಹತ್ತಿರದಿಂದ ಹೇಳಬೇಕು, ಏಕೆಂದರೆ ಒಳ್ಳೆಯ ಕುಟುಂಬವನ್ನು ರೋಗವೆಂದು ಬಿಟ್ಟು ಬಂದವರನ್ನೂ, ರೋಗದ ಕುಟುಂಬವನ್ನು ಹಣ ಕೊಟ್ಟು ತಂದವರನ್ನೂ ನೋಡಿದ್ದೇನೆ. ತುಡುವೆಯ ಗಂಡುನೊಣದ ಕೋಶದ ಮುಚ್ಚಳ ಗೋಪುರದ ಹಾಗೆ ಉಬ್ಬಿ, ಸರಿಯಾಗಿ ನಡುವೆ ಸೂಜಿ ಚುಚ್ಚಿದಂಥ ದುಂಡು ತೂತು ಹೊಂದಿರುತ್ತದೆ. ಅದು ಸಹಜ. ಮರಿಗೆ ತಗಲುವ ಥಾಯ್ ಸ್ಯಾಕ್‌ಬ್ರೂಡ್ ಎಂಬ ನಂಜು ರೋಗದಲ್ಲಿ ಮುಚ್ಚಳದ ತೂತು ಹರಿದಂತೆ ಅಡ್ಡಾದಿಡ್ಡಿ ಇರುತ್ತದೆ. ಕಣ್ಣಿನೊಳಗೆ ಮರಿ ತಲೆ ಮೇಲಕ್ಕೆತ್ತಿ, ದೋಣಿಯ ಮೂತಿಯ ಹಾಗೆ ಕಾಣುತ್ತದೆ. ಗುಂಡುಸೂಜಿಯಿಂದ ಮೆಲ್ಲಗೆ ಎತ್ತಿದರೆ ನೀರು ತುಂಬಿದ ಚೀಲದಂತೆ ಇಡಿಯಾಗಿ ಬರುತ್ತದೆ. 1991-92ರಲ್ಲಿ ದಕ್ಷಿಣ ಭಾರತಕ್ಕೆ ಬಂದ ಈ ನಂಜು ತುಡುವೆ ಕುಟುಂಬಗಳಲ್ಲಿ ನೂರಕ್ಕೆ ತೊಂಬತ್ತರಷ್ಟನ್ನು ಅಳಿಸಿತು. ಇಂಥ ಒಂದೇ ಮರಿ ಕಂಡರೂ ಆ ಜಾಗದಿಂದ ಯಾವ ಪೆಟ್ಟಿಗೆಯನ್ನೂ ತರಬೇಡಿ. ಆ ಸೂಜಿ, ಕೈಗವಸುಗಳನ್ನು ತೊಳೆಯದೆ ಬೇರೆ ಪೆಟ್ಟಿಗೆ ಮುಟ್ಟಬೇಡಿ.

ಹಂತ 7: ಕೊಳ್ಳುವುದೋ, ಊರಿನದನ್ನೇ ಹಿಡಿಯುವುದೋ

ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ಊರಿನಲ್ಲಿ ತುಡುವೆ ಇದ್ದರೆ ಹೊರಗಿನದು ಬೇಡ. ಹೊರಗಿನಿಂದ ತಂದರೂ ಮುಂದಿನ ರಾಣಿ ಕೂಡುವುದು ನಿಮ್ಮ ಊರಿನ ಗಂಡುನೊಣಗಳ ಜೊತೆಗೇ ಆದ್ದರಿಂದ, ನೀವು ಹಣ ಕೊಟ್ಟ ಗುಣ ಒಂದೆರಡು ತಲೆಮಾರಿಗೆ ಕರಗುತ್ತದೆ.

ಪಾಲಾಗುವ ಕಾಲದಲ್ಲಿ ಖಾಲಿ ಪೆಟ್ಟಿಗೆಯ ಒಳಗೋಡೆಗೆ ಜೇನುಮೇಣ ಉಜ್ಜಿ, ಒಂದೆರಡು ಚೌಕಟ್ಟಿಗೆ ಮೇಣದ ಅಂಚು ಕೊಟ್ಟು, ಮರದ ನೆರಳಲ್ಲಿ ಆಳೆತ್ತರಕ್ಕೆ ಇಡಿ. ವಾರಕ್ಕೊಮ್ಮೆ ಜೇಡ, ಇರುವೆ, ಹಲ್ಲಿ ತೆಗೆದು ಚೊಕ್ಕ ಮಾಡಿ. ಗೊತ್ತಿರುವ ಗೂಡಿನಿಂದಲೇ ತೆಗೆಯುವುದಾದರೆ ಮರಿ ಇರುವ ಎರಿಗಳನ್ನು ಮಾತ್ರ ಚೌಕಟ್ಟಿಗೆ ಹೊಂದುವಂತೆ ಕತ್ತರಿಸಿ ಬಾಳೆನಾರಿನಲ್ಲಿ ಕಟ್ಟಿ. ಗೂಡಿನಲ್ಲಿ ಮೇಲಿದ್ದ ಅಂಚು ಚೌಕಟ್ಟಿನಲ್ಲೂ ಮೇಲೇ ಇರಬೇಕು. ಜೇನುತುಪ್ಪದ ಎರಿ ಕಟ್ಟಬೇಡಿ, ಸೋರಿ ಇರುವೆ ಮುತ್ತುತ್ತದೆ.

ಕೊಳ್ಳಲೇಬೇಕಾದರೆ ನಿಮ್ಮದೇ ಎತ್ತರ, ನಿಮ್ಮದೇ ಹೂವಿನ ಪಟ್ಟಿಗೆ ಹತ್ತಿರದ ಊರಿನಿಂದ ಕೊಳ್ಳಿ. ಹಂತ 3 ಮತ್ತು 4ರಲ್ಲಿ ಎರಡೂ ಬೇರೆ ಬಂದರೆ ಬಿಡಿ. ಒಂದು ಮಾತ್ರ ಸ್ವಲ್ಪ ಬೇರೆಯಾಗಿ, ಕುಟುಂಬ ಗಟ್ಟಿಯಿದ್ದರೆ ತರಬಹುದು, ಆದರೆ ಬೇಸಿಗೆಯಲ್ಲಿ ಅಲ್ಲ. ಬಯಲಿಗೆ ಹುಚ್ಚೆಳ್ಳು, ತೊಗರಿ ಹೂವಿರುವ ದೀಪಾವಳಿಯ ಆಸುಪಾಸು ಒಳ್ಳೆಯ ಕಾಲ.

ಹಂತ 8: ಸಾಗಣೆ

ಕತ್ತಲಾಗಿ ಹುಳವೆಲ್ಲ ಒಳಸೇರಿದ ಮೇಲೆ ಬಾಗಿಲಿಗೆ ಜಾಲರಿ ಹೊಡೆಯಿರಿ. ಬಟ್ಟೆ ತುರುಕಬೇಡಿ, ಉಸಿರು ಕಟ್ಟಿ ಒಳಗಿನ ಬಿಸಿಗೆ ಎರಿ ಕುಸಿಯುತ್ತದೆ. ಪೆಟ್ಟಿಗೆಯ ಮೇಲಿನ ತುಂಬಿದ ಜೇನು ಕೋಣೆ ತೆಗೆದುಬಿಡಿ. ಗಾಡಿಯಲ್ಲಿ ಎರಿಗಳು ಗಾಡಿಯ ಉದ್ದಕ್ಕೆ ಇರುವಂತೆ ಇಟ್ಟರೆ ಬ್ರೇಕ್ ಹಾಕಿದಾಗ ಒಂದಕ್ಕೊಂದು ಬಡಿಯುವುದಿಲ್ಲ. ಬೆಳಕು ಹರಿಯುವ ಮೊದಲು ಜಾಗ ಸೇರಿಸಿ.

ಹಂತ 9: ಮೊದಲ ನಲವತ್ತು ದಿನ

ಪೆಟ್ಟಿಗೆ ಇಳಿಯುವ ಮೊದಲೇ ಇರುವೆ ಹತ್ತದಂತೆ ಸ್ಟ್ಯಾಂಡಿನ ಕಾಲಿಗೆ ನೀರಿನ ಬಟ್ಟಲು, ಮಧ್ಯಾಹ್ನದ ನೆರಳು, ಹತ್ತು ಹೆಜ್ಜೆಯೊಳಗೆ ಕಲ್ಲು ಹಾಕಿದ ನೀರಿನ ತಟ್ಟೆ ಸಿದ್ಧವಿರಲಿ. ಬಾಗಿಲಿಗೆ ರಾಣಿ ತಡೆ ಗೇಟು ಹಾಕಿ, ಐದಾರು ದಿನಕ್ಕೆ ತೆಗೆಯಿರಿ. ಇನ್ನೂ ಕೂಡದ ಎಳೆ ರಾಣಿ ಇದ್ದರೆ ಮಾತ್ರ ಗೇಟು ಹಾಕಲೇಬಾರದು.

ಸಕ್ಕರೆ ಒಂದು ಪಾಲು, ನೀರು ಒಂದು ಪಾಲು ಕರಗಿಸಿ ಸಂಜೆ ಕತ್ತಲಾದ ಮೇಲೆ ಕೊಡಿ. ಹಗಲಲ್ಲಿ ಕೊಟ್ಟರೆ ಬೇರೆ ಹುಳ ದೋಚಲು ಬರುತ್ತದೆ. ಮೊದಲ ವಾರ ಮುಚ್ಚಳ ತೆಗೆಯಬೇಡಿ. ಒಳಗಿನ ಸ್ಥಿತಿಯನ್ನು ಬಾಗಿಲೇ ಹೇಳುತ್ತದೆ.

ಎಚ್ಚರಿಕೆಯ ಗುರುತುಗಳು ಹೀಗೆ ಸಾಲಾಗಿ ಬರುತ್ತವೆ: ಪರಾಗ ತರುವುದು ನಿಲ್ಲುತ್ತದೆ, ಮೊಟ್ಟೆ ಕಾಣೆಯಾಗುತ್ತದೆ, ಮುಚ್ಚಿದ ಮರಿ ದಿನೇ ದಿನೇ ಕಡಿಮೆಯಾಗುತ್ತದೆ, ಕೂಡಿಟ್ಟ ತುಪ್ಪ ಕರಗುತ್ತದೆ. ಮೊಟ್ಟೆಯಿಂದ ಕೆಲಸಗಾರ ಹುಳ ಹೊರಬರಲು ಸುಮಾರು ಇಪ್ಪತ್ತು ದಿನ. ಅಂದರೆ ಮೊಟ್ಟೆ ನಿಂತ ದಿನ ಗಮನಿಸಿದರೆ ನಿಮಗೆ ಎರಡು ಮೂರು ವಾರ ಸಮಯವಿದೆ. ಆ ಸಂಜೆಯೇ ಸಕ್ಕರೆ ಪಾಕ ಶುರು ಮಾಡಿ, ಸಾಧ್ಯವಾದರೆ ಆರೋಗ್ಯದ ಇನ್ನೊಂದು ಕುಟುಂಬದಿಂದ ತೆರೆದ ಮರಿ ಇರುವ ಒಂದು ಚೌಕಟ್ಟು ಕೊಡಿ. ಮರಿಯನ್ನು ಬಿಟ್ಟು ಹೋಗಲು ಹುಳ ಹಿಂದೆಗೆಯುತ್ತದೆ.

ಹಂತ 10: ಹೋದ ಮೇಲೆ ಖಾಲಿ ಪೆಟ್ಟಿಗೆ ಓದಿ

ಹುಳ ಹೋಯಿತೆಂದು ಪೆಟ್ಟಿಗೆ ತೊಳೆದು ಬಿಸಿಲಿಗಿಡುವ ಮೊದಲು ಎರಿಗಳನ್ನು ಒಂದೊಂದಾಗಿ ನೋಡಿ.

ಮರಿ, ತುಪ್ಪ ಎರಡನ್ನೂ ಬಿಟ್ಟು ಹೋಗಿದ್ದರೆ ಅದು ಗಾಬರಿಯಿಂದ ಆದದ್ದು: ಇರುವೆ, ಕಣಜ, ಬಿಸಿಲು, ಅತಿ ಹೊಗೆ, ಪದೇ ಪದೇ ಮುಚ್ಚಳ ತೆಗೆದದ್ದು. ನಾನು ಅರಸೀಕೆರೆ ಕಡೆಯ ತೆಂಗಿನ ತೋಟಕ್ಕೆ ಮಾರ್ಚ್‌ನಲ್ಲಿ ತಂದ ಕಪ್ಪು ತುಡುವೆ ಹನ್ನೊಂದನೇ ದಿನ ಮಧ್ಯಾಹ್ನ ಹೀಗೇ ಹೋಯಿತು. ನಾಲ್ಕು ಎರಿಯಲ್ಲಿ ಮುಚ್ಚಿದ ಮರಿ ಹಾಗೇ ಇತ್ತು. ಹೊರಗಿನ ಎರಡು ಎರಿ ಮೇಲ್ಗಡೆ ಬಾಗಿ, ಚೌಕಟ್ಟಿನಿಂದ ಬೆರಳಗಲ ಜಾರಿದ್ದವು. ತೆಂಗಿನ ಗರಿಯ ನೆರಳು ಎರಡು ಗಂಟೆಗೆ ಪೆಟ್ಟಿಗೆಯಿಂದ ಸರಿದು ಹೋಗುತ್ತಿತ್ತು ಎಂದು ಗೊತ್ತಾದದ್ದು ಮರುದಿನ ಅಲ್ಲೇ ನಿಂತು ನೋಡಿದಾಗ. ಅಂದಿನಿಂದ ಜಾಗ ಆರಿಸುವಾಗ ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಗಂಟೆಗೊಮ್ಮೆ ನೆರಳು ನೋಡುತ್ತೇನೆ.

ಎರಿ ಪೂರ್ತಿ ಖಾಲಿ, ಚೊಕ್ಕ, ಮರಿಯೂ ಇಲ್ಲ ತುಪ್ಪವೂ ಇಲ್ಲ ಎಂದಾದರೆ ಮೇವಿಲ್ಲದೆ ಯೋಚಿಸಿಯೇ ಹೋಗಿದೆ. ಹಂತ 1ರ ಕೆಂಪು ಗುರುತಿನ ತಿಂಗಳಿಗೆ ತಾಳೆ ನೋಡಿ. ಬಿಳಿ ಬಲೆ, ಸುರಂಗ, ಕಪ್ಪು ಹಿಕ್ಕೆ ಕಂಡರೆ ಮೇಣದ ಹುಳು. ಹುಳ ಕಡಿಮೆಯಿದ್ದು ಎರಿ ಜಾಸ್ತಿ ಬಿಟ್ಟಿದ್ದರ ಫಲ ಅದು. ಹುಳ ಮುಚ್ಚಿಕೊಳ್ಳದ ಎರಿಯನ್ನು ಮುಂದಿನ ಸಲ ಮೊದಲೇ ತೆಗೆದಿಡಿ. ಚೀಲದಂಥ ಸತ್ತ ಮರಿ ಕಂಡರೆ ಆ ಎರಿಗಳನ್ನು ಸುಟ್ಟುಬಿಡಿ, ಪೆಟ್ಟಿಗೆಯ ಒಳಗೋಡೆಗೆ ಬೆಂಕಿ ಹಾಯಿಸಿ.

ಹಂತ 11: ನಿಂತ ಕುಟುಂಬದಿಂದ ಪಾಲು ಮಾಡುವುದು

ಒಂದು ವರ್ಷ, ಅಂದರೆ ಊರಿನ ಬೇಸಿಗೆ ಮಳೆ ಎರಡನ್ನೂ ದಾಟಿದ ಕುಟುಂಬದಿಂದ ಮಾತ್ರ ಪಾಲು ಮಾಡಿ. ತುಪ್ಪ ಜಾಸ್ತಿ ಕೊಟ್ಟಿತೆಂದು ಆರಿಸಿ, ಅದು ಬೇಸಿಗೆಯಲ್ಲಿ ಎರಡು ಎರಿಗೆ ಇಳಿದಿತ್ತು ಎಂಬುದನ್ನು ಮರೆಯುತ್ತಾರೆ. ಪೆಟ್ಟಿಗೆಯ ಮುಚ್ಚಳದ ಒಳಗೆ ಪೆನ್ಸಿಲಿನಲ್ಲಿ ತಿಂಗಳಿಗೊಮ್ಮೆ ಹುಳ ತುಂಬಿದ ಎರಿ ಎಷ್ಟು ಎಂದು ಬರೆಯುತ್ತಾ ಹೋಗಿ. ಅತಿ ಕೆಟ್ಟ ತಿಂಗಳಲ್ಲಿ ಅತಿ ಹೆಚ್ಚು ಎರಿ ಉಳಿಸಿಕೊಂಡದ್ದು ಯಾವುದೋ ಅದೇ ನಿಮ್ಮ ತಾಯಿ ಕುಟುಂಬ.

ಹೂವು ಏರುವ ಕಾಲದಲ್ಲಿ, ಗಂಡುನೊಣ ಹಾರಾಡುವುದು ಕಂಡ ಮೇಲೆ, ಮುಚ್ಚಿದ ರಾಣಿ ಕೋಶವಿರುವ ಒಂದು ಎರಿ, ಮರಿ ಇರುವ ಎರಡು ಎರಿ, ತುಪ್ಪವಿರುವ ಒಂದು ಎರಿಯನ್ನು ಹುಳದ ಸಮೇತ ಹೊಸ ಪೆಟ್ಟಿಗೆಗೆ ದಾಟಿಸಿ. ಹಳೇ ರಾಣಿ ಹಳೇ ಪೆಟ್ಟಿಗೆಯಲ್ಲೇ ಉಳಿದಳೇ ಎಂದು ಕಣ್ಣಾರೆ ನೋಡಿ. ಅಲ್ಲಿ ಉಳಿದ ರಾಣಿ ಕೋಶಗಳನ್ನು ಕಿತ್ತುಬಿಡಿ, ಇಲ್ಲವಾದರೆ ತುಡುವೆ ಒಂದರ ಹಿಂದೆ ಒಂದು ಪಾಲಾಗಿ ಕೊನೆಗೆ ಮುಷ್ಟಿಯಷ್ಟು ಹುಳ ಉಳಿಯುತ್ತದೆ. ಹೊಸ ಪೆಟ್ಟಿಗೆಯನ್ನು ಎರಡು ಕಿಲೋಮೀಟರ್ ಆಚೆ ಇಟ್ಟರೆ ಹುಳ ಹಳೇ ಜಾಗಕ್ಕೆ ಮರಳುವುದಿಲ್ಲ. ಎರಡು ಮೂರು ವಾರದ ನಂತರ ತೆಗೆದು ಮೊಟ್ಟೆ ನೋಡಿ. ಕಣ್ಣಿಗೆ ಒಂದೊಂದೇ ಮೊಟ್ಟೆ, ತಳದ ನಡುವೆ ನಿಂತಿದ್ದರೆ ಊರಿನ ಗಂಡುನೊಣಗಳ ಜೊತೆ ಕೂಡಿದ ಹೊಸ ರಾಣಿ ಕೆಲಸ ಶುರು ಮಾಡಿದ್ದಾಳೆ. ಆ ದಿನಾಂಕವನ್ನು ಮುಚ್ಚಳದ ಒಳಗೆ ಮೊದಲ ಸಾಲಾಗಿ ಬರೆಯಿರಿ.